ಹಳೇ ಕಾರಿನ ಗ್ಲಾಸ್ ಫ್ಯೂಸ್ ಬಾಕ್ಸ್ ತೆಗೆದು ಬ್ಲೇಡ್ ಫ್ಯೂಸ್ ಹಾಕೋ ಮುಂಚೆ

ಪ್ರಶ್ನೆ: ನನ್ ಹತ್ರ ಇರೋದು 40 ವರ್ಷಕ್ಕಿಂತ ಹಳೇ ಕಾರು, 12 ವೋಲ್ಟ್, ನೆಗೆಟಿವ್ ಅರ್ಥ್, ಅಂದ್ರೆ ಬ್ಯಾಟರಿ ನೆಗೆಟಿವ್ ಬಾಡಿಗೆ ಸೇರಿದೆ. ಡ್ಯಾಶ್‌ಬೋರ್ಡ್ ಕೆಳಗೆ ನಾಲ್ಕೇ ನಾಲ್ಕು ಗ್ಲಾಸ್ ಫ್ಯೂಸ್ ಇರೋ ಬಾಕ್ಸ್ ಇದೆ. ಹೆಡ್‌ಲೈಟ್ ಹಾಕಿ ಸ್ವಲ್ಪ ಹೊತ್ತು ಓಡಿಸಿದ್ರೆ ಬೆಳಕು ಮಂಕಾಗುತ್ತೆ. ಒಂದು ಕ್ಲಿಪ್ ಹತ್ರ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗೋಕೆ ಶುರುವಾಗಿದೆ, ಆದ್ರೆ ಫ್ಯೂಸ್ ಮಾತ್ರ ಹೋಗಿಲ್ಲ. ಇದನ್ನ ಪೂರ್ತಿ ತೆಗೆದು 12 ಫ್ಯೂಸಿನ ಬ್ಲೇಡ್ ಬಾಕ್ಸ್ (ಎರಡು ಚಪ್ಪಟೆ ಕಾಲಿರೋ ಪ್ಲಾಸ್ಟಿಕ್ ಫ್ಯೂಸ್ ಕೂರೋದು) ಹಾಕೋಣ ಅಂತಿದೀನಿ. ಹಳೇ ಫ್ಯೂಸ್ ಮೇಲೆ 35 ಅಂತ ಇದೆ, ಹೊಸದರಲ್ಲೂ 35 ಆಂಪ್‌ದೇ ಹಾಕ್ಬಹುದಾ? ಈ ಕೆಲಸ ನಾನೇ ಮಾಡ್ಕೊಬಹುದಾ, ಇಲ್ಲ ಎಲೆಕ್ಟ್ರಿಷಿಯನ್ ಹತ್ರಾನೇ ಹೋಗ್ಬೇಕಾ?

ಉತ್ತರ: ಮೊದ್ಲು ಆ 35ರ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಉಳಿದಿದ್ದೆಲ್ಲ ನಿಧಾನಕ್ಕೆ ಮಾಡಿದ್ರೂ ನಡೆಯುತ್ತೆ, ಇದೊಂದು ತಪ್ಪಾದ್ರೆ ಗಾಡಿಗೆ ಬೆಂಕಿ ಬೀಳೋ ಮಾತು. 35 ಆಂಪ್ ಬ್ಲೇಡ್ ಫ್ಯೂಸ್ ಹಾಕ್ಬೇಡಿ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಬರ್ತಿದ್ದ ಲೂಕಾಸ್ ಕಂಪನಿಯ ಗ್ಲಾಸ್ ಫ್ಯೂಸ್ ಮೇಲೆ 35 ಅಂತ ಇದ್ರೆ ಅದು ಫ್ಯೂಸ್ ಸುಟ್ಟು ಹೋಗೋ ಕರೆಂಟು, ಅದು ನಿರಂತರವಾಗಿ ಹೊರೋದು 17 ಆಂಪ್ ಮಾತ್ರ. ಬ್ಲೇಡ್ ಫ್ಯೂಸಿನ ಲೆಕ್ಕವೇ ಬೇರೆ, ಅದರ ಮೇಲೆ ಬರೆದಿರೋದು ಅದು ಹೊರೋ ಕರೆಂಟು, ಅದಕ್ಕಿಂತ 10 ಪರ್ಸೆಂಟ್ ಜಾಸ್ತಿ ಹರಿದ್ರೂ ಗಂಟೆಗಟ್ಟಲೆ ಹಾಗೇ ಇರುತ್ತೆ, 35 ಪರ್ಸೆಂಟ್ ಜಾಸ್ತಿ ಹರಿದ್ರೆ ಸುಟ್ಟು ಹೋಗೋಕೆ 10 ನಿಮಿಷದವರೆಗೂ ಟೈಮ್ ತಗೋಬಹುದು, ಎರಡರಷ್ಟು ಹರಿದ್ರೆ ಮಾತ್ರ ಐದು ಸೆಕೆಂಡ್ ಒಳಗೆ ಹೋಗುತ್ತೆ. ಅಂದ್ರೆ ನೀವು 35ರ ಬ್ಲೇಡ್ ಹಾಕಿದ್ರೆ 17 ಆಂಪ್‌ಗೆ ಅಂತ ಎಳೆದಿರೋ ವೈರ್ ಮೇಲೆ 38 ಆಂಪ್ ಹರಿದ್ರೂ ಫ್ಯೂಸ್ ಸುಮ್ನೆ ನೋಡ್ಕೊಂಡು ಕೂತಿರುತ್ತೆ, ಅಷ್ಟರಲ್ಲಿ ವೈರಿನ ಪಿವಿಸಿ ಕರಗಿ ಪಕ್ಕದ ವೈರಿಗೆ ಅಂಟ್ಕೊಂಡಿರುತ್ತೆ. ನಿಮ್ದು ಲೂಕಾಸ್ ಫ್ಯೂಸ್ ಆಗಿದ್ರೆ ಆ ಜಾಗಕ್ಕೆ ಬರ್ಬೇಕಾಗಿರೋದು 15 ಆಂಪ್ ಬ್ಲೇಡ್.

ಬೇರೆ ದೇಶದ ಗಾಡಿಗಳಲ್ಲಿ ಬೇರೆ ಥರ. ಅಮೆರಿಕನ್ ಗಾಡಿಗಳ ಎಜಿಸಿ ಗ್ಲಾಸ್ ಫ್ಯೂಸ್ ಮೇಲಿನ ಅಂಕಿ ಬ್ಲೇಡ್ ಥರಾನೇ, ಹೊರೋ ಕರೆಂಟೇ ಬರೆದಿರ್ತಾರೆ. ಜರ್ಮನ್ ಗಾಡಿಗಳ ಎರಡೂ ತುದಿ ಚೂಪಾಗಿರೋ ಸೆರಾಮಿಕ್ ಫ್ಯೂಸ್ ಇದ್ಯಲ್ಲ, ಅಲ್ಲಿ ಅಂಕಿಗಿಂತ ಬಣ್ಣದಲ್ಲೇ ಜನ ಮೋಸ ಹೋಗ್ತಾರೆ. ಅದರಲ್ಲಿ ಹಳದಿ 5 ಆಂಪ್, ಬಿಳಿ 8, ಕೆಂಪು 16, ನೀಲಿ 25. ಬ್ಲೇಡ್‌ನಲ್ಲಿ ಹಳದಿ 20, ಕೆಂಪು 10, ನೀಲಿ 15, ಕಂದು 7.5, ಹಸಿರು 30. ಹಳದಿ ತೆಗೆದು ಹಳದಿ ಹಾಕಿದೆ ಅಂತ ಸಮಾಧಾನವಾಗಿ ಕೂತವರ ಗಾಡೀಲಿ 5 ಆಂಪ್ ಜಾಗದಲ್ಲಿ 20 ಆಂಪ್ ಕೂತಿರುತ್ತೆ. ಬಣ್ಣ ನೋಡ್ಬೇಡಿ, ಅಂಕಿ ಓದಿ, ಆ ಅಂಕಿ ಯಾವ ಲೆಕ್ಕದ್ದು ಅಂತ ತಿಳ್ಕೊಂಡು ಆಮೇಲೆ ಹಾಕಿ.

ಈಗ ನಿಮ್ಮ ಕರಗಿದ ಕ್ಲಿಪ್‌ಗೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು ಇದೇ, ಪ್ಲಾಸ್ಟಿಕ್ ಕರಗಿದೆ, ಫ್ಯೂಸ್ ಹೋಗಿಲ್ಲ. ತುಂಬಾ ಜನ ಇದನ್ನ ನೋಡಿ ಲೋಡ್ ಜಾಸ್ತಿ ಆಗಿದೆ ಅಂತಾರೆ. ಲೋಡ್ ಜಾಸ್ತಿ ಆಗಿದ್ರೆ ಮೊದ್ಲು ಹೋಗ್ಬೇಕಾಗಿದ್ದು ಫ್ಯೂಸೇ ಅಲ್ವಾ. ಇಲ್ಲಿ ಆಗಿರೋದು ಲೂಸ್ ಕಾಂಟ್ಯಾಕ್ಟ್. ಕ್ಲಿಪ್ಪಿನ ಹಿತ್ತಾಳೆ ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಹಿಡಿತ ಕಳ್ಕೊಂಡಿದೆ, ಅದರ ಮೇಲೆ ಕಿಲುಬು ಬೇರೆ ಕೂತಿದೆ, ಹಂಗಾಗಿ ಅಲ್ಲಿ ಸ್ವಲ್ಪ ರೆಸಿಸ್ಟೆನ್ಸ್ ಹುಟ್ಕೊಂಡಿದೆ. ಎಷ್ಟು ಸ್ವಲ್ಪ ಅಂದ್ರೆ ಒಂದು ಓಮ್‌ನ 20ರಲ್ಲಿ ಒಂದು ಭಾಗ ಸಾಕು. 0.05 ಓಮ್ ಮೇಲೆ 10 ಆಂಪ್ ಹರಿದ್ರೆ ಅರ್ಧ ವೋಲ್ಟ್ ಅಲ್ಲೇ ಕಳೆದುಹೋಗುತ್ತೆ, 5 ವಾಟ್ ಶಾಖ ಆಗುತ್ತೆ. ಪಾರ್ಕಿಂಗ್ ಲೈಟಿನ ಬಲ್ಬ್ 5 ವಾಟ್, ಅದನ್ನ ಉರೀತಿರೋವಾಗ ಬೆರಳಲ್ಲಿ ಮುಟ್ಟಿ ನೋಡಿದ್ರೆ ಗೊತ್ತು. ಅಷ್ಟು ಶಾಖ ಕಡ್ಲೆಕಾಳು ಗಾತ್ರದ ಜಾಗದಲ್ಲಿ, ಗಾಳಿಯಾಡದ ಕಡೆ, ಪ್ಲಾಸ್ಟಿಕ್‌ಗೆ ಒತ್ತಿಕೊಂಡು ಹುಟ್ತಾ ಇದೆ. ಬಿಸಿ ಆದಷ್ಟೂ ಕ್ಲಿಪ್ ಇನ್ನೂ ಸಡಿಲ, ಸಡಿಲ ಆದಷ್ಟೂ ಇನ್ನೂ ಬಿಸಿ.

ಇದರಲ್ಲಿ ಇನ್ನೊಂದು ಅಪಾಯ ಇದೆ. ಇಂಥ ಕ್ಲಿಪ್ಪಿನ ಬಿಸಿ ಕೆಲವು ಸಲ ಫ್ಯೂಸ್ ಒಳಗಿನ ತಂತಿಗೂ ಹರಿದು, ಲೋಡ್ ಸರಿಯಾಗೇ ಇದ್ರೂ ಫ್ಯೂಸ್ ಪದೇ ಪದೇ ಹೋಗುತ್ತೆ. ಆವಾಗ ಮಾಲೀಕರು ಏನ್ಮಾಡ್ತಾರೆ, 15 ತೆಗೆದು 20, 20 ತೆಗೆದು 30, ಕೊನೆಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿಬಿಡ್ತಾರೆ. ಈಗ ಫ್ಯೂಸ್ ಹೋಗಲ್ಲ ನಿಜ. ಅಲ್ಲಿಂದ ಮುಂದೆ ಆ ಸರ್ಕ್ಯೂಟಲ್ಲಿ ಫ್ಯೂಸ್ ಕೆಲ್ಸ ಮಾಡೋದು ವೈರೇ.

ಹೊಸ ಬಾಕ್ಸ್ ತರೋ ಮುಂಚೆ ಒಂದು ಟೆಸ್ಟ್ ಮಾಡಿ, ಹತ್ತು ನಿಮಿಷದ ಕೆಲ್ಸ. ಮಲ್ಟಿಮೀಟರ್‌ನ ಡಿಸಿ ವೋಲ್ಟ್‌ಗೆ ಇಡಿ, 2 ವೋಲ್ಟ್ ರೇಂಜ್ ಇದ್ರೆ ಒಳ್ಳೇದು. ಇಂಜಿನ್ ಸ್ಟಾರ್ಟ್ ಮಾಡಿ ಹೈ ಬೀಮ್ ಹಾಕಿ. ಒಂದು ಪ್ರೋಬ್ ಫ್ಯೂಸಿಗೆ ಕರೆಂಟ್ ಬರೋ ಕಡೆ ವೈರಿನ ಥಿಂಬಲ್ (ವೈರ್ ತುದಿಗೆ ಒತ್ತಿರೋ ಲೋಹದ ತುಂಡು) ಮೇಲೆ, ಇನ್ನೊಂದು ಕರೆಂಟ್ ಹೊರಗೆ ಹೋಗೋ ಕಡೆ ಥಿಂಬಲ್ ಮೇಲೆ, ಅಂದ್ರೆ ಎರಡೂ ಪಾಸಿಟಿವ್ ಲೈನ್ ಮೇಲೇ, ಬಾಡಿ ಮುಟ್ಟಿಸ್ಬೇಡಿ. ಮೀಟರ್ ತೋರಿಸೋದು ಆ ಫ್ಯೂಸ್ ಜಾಗದಲ್ಲಿ ಎಷ್ಟು ವೋಲ್ಟ್ ತಿಂದು ಹೋಗ್ತಿದೆ ಅನ್ನೋದನ್ನ. 0.2 ಒಳಗಿದ್ರೆ ಸರಿ. ನಿಮ್ಮ ಕರಗಿದ ಕ್ಲಿಪ್ಪಲ್ಲಿ ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದ್ರೆ ನನಗೇನೂ ಆಶ್ಚರ್ಯ ಇಲ್ಲ. ಆಮೇಲೆ ಅಲ್ಲಿಗೇ ನಿಲ್ಲಿಸ್ದೆ ಒಂದು ಪ್ರೋಬ್‌ನ ಫ್ಯೂಸಿನ ಲೋಹದ ಕ್ಯಾಪ್ ಮೇಲೆ ಇಟ್ಟು ಇನ್ನೊಂದನ್ನ ಕ್ಲಿಪ್ ಮೇಲೆ ಇಡಿ, ಆಮೇಲೆ ಕ್ಲಿಪ್ಪಿಂದ ಹಿಂದಿನ ಟರ್ಮಿನಲ್‌ಗೆ. ಹಳೇ ಬಾಕ್ಸ್‌ಗಳಲ್ಲಿ ಮುಂದಿನ ಕ್ಲಿಪ್ ಮತ್ತು ಹಿಂದಿನ ಟರ್ಮಿನಲ್ ನಡುವೆ ಒಂದು ರಿವೆಟ್ ಇರುತ್ತೆ, ಕ್ಲಿಪ್‌ನ ಉಪ್ಪುಕಾಗದದಲ್ಲಿ ಎಷ್ಟು ಉಜ್ಜಿದ್ರೂ ಸರಿ ಹೋಗದೇ ಇರೋದು ಈ ರಿವೆಟ್ ಒಳಗಿನ ಕಿಲುಬಿಂದ. ಹೊರಗಿಂದ ಕಾಣಲ್ಲ, ಮೀಟರ್ ಮಾತ್ರ ಹೇಳುತ್ತೆ.

ಹಾಗೇ ಬ್ಯಾಟರಿ ಪಾಸಿಟಿವ್‌ನಿಂದ ಹೆಡ್‌ಲೈಟ್ ಬಲ್ಬಿನ ಪಿನ್‌ವರೆಗೂ, ಮತ್ತೆ ಬಲ್ಬಿನ ಅರ್ಥ್ ಪಿನ್ನಿಂದ ಬ್ಯಾಟರಿ ನೆಗೆಟಿವ್‌ವರೆಗೂ ಇದೇ ಟೆಸ್ಟ್ ಮಾಡಿ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಬಲ್ಬಿಗೆ 10 ಪರ್ಸೆಂಟ್ ವೋಲ್ಟೇಜ್ ಕಮ್ಮಿ ಆದ್ರೆ ಬೆಳಕು ಹೆಚ್ಚುಕಮ್ಮಿ 30 ಪರ್ಸೆಂಟ್ ಕಮ್ಮಿ ಆಗುತ್ತೆ. ಫ್ಯೂಸ್ ಬಾಕ್ಸಲ್ಲಿ ಅರ್ಧ ವೋಲ್ಟ್ ಹೋಗಿ, ಲೈಟ್ ಸ್ವಿಚ್ಚಲ್ಲಿ ಅರ್ಧ ಹೋಗಿ, ಅರ್ಥ್ ಬೋಲ್ಟ್ ತುಕ್ಕು ಹಿಡಿದು ಇನ್ನರ್ಧ ಹೋಗಿದ್ರೆ, ನೀವು ಎಷ್ಟು ಒಳ್ಳೇ ಫ್ಯೂಸ್ ಬಾಕ್ಸ್ ಹಾಕಿದ್ರೂ ಅದರಲ್ಲಿ ಮೂರನೇ ಒಂದು ಭಾಗ ಮಾತ್ರ ವಾಪಸ್ ಬರುತ್ತೆ. ಬಾಕ್ಸ್ ಬದಲಾಯಿಸೋದು ಸರಿಯಾದ ನಿರ್ಧಾರವೇ, ಆದ್ರೆ ಯಾವ ಕಾಯಿಲೆಗೆ ಅಂತ ಗೊತ್ತಿರ್ಲಿ.

ಟೆಸ್ಟ್ ಮಾಡೋವಾಗ ವೈರಿನ ಮೈಮೇಲೂ ಕಣ್ಣು ಹಾಯ್ಸಿ. ಬಾಕ್ಸಿಗೆ ಬರೋ ವೈರ್‌ನ ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ ನೋಡಿ. ಇನ್ಸುಲೇಶನ್ ಬಳುಕಿದ್ರೆ ಸರಿ, ಚಟಚಟ ಅಂತ ಬಿರುಕು ಬಿಟ್ಟು ಒಳಗಿನ ತಾಮ್ರ ಕಾಣಿಸಿದ್ರೆ ಫ್ಯೂಸ್ ಬಾಕ್ಸ್ ಯೋಚನೆ ಪಕ್ಕಕ್ಕಿಟ್ಟು ಹಾರ್ನೆಸ್ಸೇ, ಅಂದ್ರೆ ಪೂರ್ತಿ ವೈರ್ ಕಟ್ಟನ್ನೇ, ಬದಲಾಯಿಸಿ, ಅಂಥ ವೈರಿಗೆ ಯಾವ ಬಾಕ್ಸ್ ಹಾಕಿದ್ರೂ ದುಡ್ಡು ದಂಡ. ಬಾಕ್ಸಿನ ಹತ್ತಿರ ಎರಡು ಇಂಚು ಮಾತ್ರ ಗಟ್ಟಿಯಾಗಿ ಕಪ್ಪಾಗಿದ್ರೆ ಪರವಾಗಿಲ್ಲ, ಅಷ್ಟನ್ನ ಕತ್ತರಿಸಿ ಹೊಳೆಯೋ ತಾಮ್ರ ಸಿಗೋವರೆಗೂ ಹಿಂದಕ್ಕೆ ಹೋಗಿ. ಕಪ್ಪಾಗಿರೋ ತಾಮ್ರಕ್ಕೆ ಕ್ರಿಂಪ್ ಮಾಡಿದ್ರೆ, ಅಂದ್ರೆ ಥಿಂಬಲ್ ಒತ್ತಿ ಕೂರಿಸಿದ್ರೆ, ಅದೇ ಕಾಯಿಲೆ ಹೊಸ ಬಾಕ್ಸಿಗೂ ಬರುತ್ತೆ.

ಇನ್ನು ಯಾವ ಸರ್ಕ್ಯೂಟಿಗೆ ಎಷ್ಟು ಆಂಪ್. ಇಲ್ಲಿ ಒಂದೇ ನಿಯಮ, ಫ್ಯೂಸ್ ಇರೋದು ವೈರ್ ಕಾಪಾಡೋಕೆ, ಬಲ್ಬು ಮೋಟಾರು ರೇಡಿಯೋ ಕಾಪಾಡೋಕಲ್ಲ. ಹಂಗಾಗಿ ಎರಡು ಲೆಕ್ಕ ಹಾಕ್ಬೇಕು, ಲೋಡ್ ಎಷ್ಟು ಎಳೆಯುತ್ತೆ ಅನ್ನೋದು ಕೆಳಗಿನ ಗಡಿ, ವೈರ್ ಎಷ್ಟು ತಡ್ಕೊಳ್ಳುತ್ತೆ ಅನ್ನೋದು ಮೇಲಿನ ಗಡಿ, ಫ್ಯೂಸ್ ಇವೆರಡರ ಮಧ್ಯೆ ಬರ್ಬೇಕು. ಮಧ್ಯೆ ಜಾಗಾನೇ ಇಲ್ಲ ಅಂದ್ರೆ ವೈರ್ ದಪ್ಪ ಮಾಡಿ, ಫ್ಯೂಸ್ ಜಾಸ್ತಿ ಮಾಡ್ಬೇಡಿ.

ವೈರಿನ ಗಾತ್ರ ಗೊತ್ತಾಗೋದು ಹೇಗೆ ಅಂದ್ರೆ ಎಳೆ ಎಣಿಸಿ. ಹಳೇ ಮೆಟ್ರಿಕ್ ಆಟೋ ವೈರ್‌ಗಳಲ್ಲಿ ಒಂದೊಂದು ಎಳೆ 0.30 ಎಂಎಂ ದಪ್ಪ ಇರೋದು ಸಾಮಾನ್ಯ. 14 ಎಳೆ ಇದ್ರೆ 1 ಚದರ ಎಂಎಂ, 28 ಇದ್ರೆ 2, 44 ಇದ್ರೆ 3. ಮಾಮೂಲಿ ದಪ್ಪ ಪಿವಿಸಿ ವೈರಲ್ಲಿ 14 ಎಳೆಯದ್ದು 8.75 ಆಂಪ್, 28 ಎಳೆಯದ್ದು 17.5, 44 ಎಳೆಯದ್ದು 27.5 ಅಂತ ಲೆಕ್ಕ. ಆ 28 ಎಳೆ ವೈರ್ ಮತ್ತು ನಿಮ್ಮ 35ರ ಫ್ಯೂಸಿನ 17 ಆಂಪ್ ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ. ಈಗ ಸಿಗೋ ತೆಳು ಇನ್ಸುಲೇಶನ್ ಆಟೋ ವೈರ್ ಜಾಸ್ತಿ ಬಿಸಿ ತಡ್ಕೊಳ್ಳುತ್ತೆ, 1 ಚದರ ಎಂಎಂ ವೈರಿಗೆ 16.5 ಆಂಪ್, 2ಕ್ಕೆ 25, 6ಕ್ಕೆ 50 ಅಂತ ಕೊಟ್ಟಿರ್ತಾರೆ. ಆದ್ರೆ ಹೊಸ ವೈರಿನ ಅಂಕಿ ಹಿಡ್ಕೊಂಡು ಹಳೇ ವೈರಿಗೆ ಫ್ಯೂಸ್ ಆರಿಸ್ಬೇಡಿ, ಒಂದೇ ಲೈನಲ್ಲಿ ಅರ್ಧ ಹೊಸದು ಅರ್ಧ ಹಳೇದು ಇದ್ರೆ ಹಳೇದರ ಲೆಕ್ಕವೇ ಪೂರ್ತಿ ಲೈನಿಗೆ.

ಉದಾಹರಣೆಗೆ ನಿಮ್ಮ ಹೆಡ್‌ಲೈಟನ್ನೇ ತಗೊಳ್ಳಿ. 60/55 ವಾಟ್ ಬಲ್ಬ್ ಅಂದ್ರೆ ಹೈ ಬೀಮಲ್ಲಿ ಒಂದಕ್ಕೆ ಐದು, ಐದೂವರೆ ಆಂಪ್. ಫ್ಯೂಸ್ ಮೇಲೆ ನಿರಂತರ ಲೋಡ್ ಅದರ ಅಂಕಿಯ ಮುಕ್ಕಾಲು ಭಾಗ ದಾಟದೇ ಇರೋದು ಒಳ್ಳೇದು. ಎರಡೂ ಕಡೆಗೆ ಒಂದೇ ಫ್ಯೂಸ್ ಅಂದ್ರೆ 11 ಆಂಪ್ ಲೋಡ್, 15ರ ಫ್ಯೂಸ್. ಆದ್ರೆ ನಿಮಗೆ 12 ಜಾಗ ಸಿಗ್ತಿದೆ ಅಲ್ವಾ, ದಯವಿಟ್ಟು ಎಡ ಬಲ ಬೇರೆ ಮಾಡಿ, ಹೈ ಲೋ ಬೇರೆ ಮಾಡಿ, ಒಟ್ಟು ನಾಲ್ಕು ಫ್ಯೂಸ್. ಹೊಸ 1 ಚದರ ಎಂಎಂ ವೈರ್ ಎಳೆದ್ರೆ ಒಂದೊಂದಕ್ಕೆ 10, ಹಳೇ 14 ಎಳೆ ವೈರ್ ಉಳಿಸ್ಕೊಂಡ್ರೆ 7.5. ರಾತ್ರಿ ತಿರುವಿನಲ್ಲಿ ಒಂದು ಫ್ಯೂಸ್ ಹೋಗಿ ಎರಡೂ ಲೈಟ್ ಒಟ್ಟಿಗೆ ಆರಿದ್ರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಿಲ್ಲ. ಬಾಕ್ಸ್ ದೊಡ್ಡದು ಮಾಡೋದರಲ್ಲಿ ನನಗೆ ಕಾಣೋ ದೊಡ್ಡ ಲಾಭ ಇದೇನೇ. ತುಂಬಾ ಹಳೇ ಬ್ರಿಟಿಷ್ ಗಾಡಿಗಳಲ್ಲಂತೂ ಹೆಡ್‌ಲೈಟ್ ಲೈನಿಗೆ ಫ್ಯೂಸೇ ಇರ್ತಿರ್ಲಿಲ್ಲ, ನಿಮ್ದರಲ್ಲಿ ಎಲ್ಲ ಸರ್ಕ್ಯೂಟೂ ಫ್ಯೂಸ್ ದಾಟಿಯೇ ಹೋಗ್ತಿದೆಯಾ ಅಂತ ವೈರಿಂಗ್ ಡಯಾಗ್ರಾಮ್ ಮುಂದಿಟ್ಕೊಂಡು ನೋಡಿ.

ಉಳಿದಿದ್ದು ಸುಲಭ. ಪಾರ್ಕಿಂಗ್ ಲೈಟ್ ಎಡ ಬಲ ಬೇರೆ ಬೇರೆ, 5 ಸಾಕು. ಬ್ರೇಕ್ ಲೈಟಿಗೆ ಬೇರೆ ಯಾವುದನ್ನೂ ಸೇರಿಸದೇ ಅದರದ್ದೇ ಒಂದು, ಎರಡು 21 ವಾಟ್ ಬಲ್ಬಿಗೆ 7.5. ವೈಪರ್, ಬ್ಲೋವರ್, ಹಾರ್ನ್ ಒಂದೊಂದಕ್ಕೆ ಬೇರೆ ಬೇರೆ. ಮೋಟಾರ್ ಸ್ಟಾರ್ಟ್ ಆಗೋವಾಗ ಜಾಸ್ತಿ ಎಳೆಯುತ್ತೆ, ಹಂಗಾಗಿ ಸ್ವಲ್ಪ ಅಂತರ ಇಟ್ಕೊಳ್ಳಿ, ಆದ್ರೂ ವೈರಿನ ಗಡಿ ದಾಟ್ಬೇಡಿ. ಜಾಗ ಸಾಲದೇ ಹೋದ್ರೆ 16ರ ಬಾಕ್ಸ್ ತಗೊಳ್ಳಿ, ಒಂದೆರಡು ಖಾಲಿ ಜಾಗ ಇರೋದು ಯಾವಾಗ್ಲೂ ಒಳ್ಳೇದೇ.

ಬಾಕ್ಸ್ ಆರಿಸೋವಾಗ ನೋಡ್ಬೇಕಾದ ವಿಷಯ, ಒಳಗಿನ ಬಸ್‌ಬಾರ್, ಅಂದ್ರೆ ಫ್ಯೂಸ್‌ಗಳಿಗೆ ಕರೆಂಟ್ ಹಂಚೋ ಲೋಹದ ಪಟ್ಟಿ. ಕೆಲವು ಬಾಕ್ಸಲ್ಲಿ ಒಂದೇ ಮೇನ್ ಸ್ಟಡ್ (ಕೇಬಲ್ ಬಿಗಿಯೋ ಬೋಲ್ಟ್), ಅದರಿಂದ ಎಲ್ಲ ಫ್ಯೂಸಿಗೂ ಕರೆಂಟು ಹಂಚಿಕೆ. ಕೆಲವದರಲ್ಲಿ ಎರಡು ಗುಂಪು. ಕೆಲವದರಲ್ಲಿ ಪ್ರತಿ ಫ್ಯೂಸಿಗೂ ಒಳಗೆ ಬರೋದು ಹೊರಗೆ ಹೋಗೋದು ಬೇರೆ ಬೇರೆ ಟರ್ಮಿನಲ್. ನಿಮ್ಮ ಗಾಡೀಲಿ ಹಾರ್ನ್, ಪಾರ್ಕಿಂಗ್ ಲೈಟ್, ಹಜಾರ್ಡ್ ಇವು ಕೀ ಇಲ್ದೇನೂ ನಡೀಬೇಕು, ವೈಪರ್, ಬ್ಲೋವರ್, ಇಂಡಿಕೇಟರ್ ಇವು ಕೀ ಹಾಕಿದ್ರೆ ಮಾತ್ರ. ಎಲ್ಲವನ್ನೂ ಒಂದೇ ಬಸ್‌ಬಾರಿಗೆ ಹಾಕಿದ್ರೆ ಕೀ ತೆಗೆದ ಮೇಲೂ ಎಲ್ಲ ಜೀವಂತ, ಬೆಳಗ್ಗೆ ಬ್ಯಾಟರಿ ಡೌನ್. ಹಂಗಾಗಿ ಎರಡು ಗುಂಪಿನ ಬಾಕ್ಸೇ ನಿಮಗೆ ಸರಿ. ಹೆಡ್‌ಲೈಟ್ ಫ್ಯೂಸ್‌ಗಳು ಮಾತ್ರ ರಿಲೇ (ಚಿಕ್ಕ ಕರೆಂಟಲ್ಲಿ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್, ಅದರ ವಿಷಯ ಕೆಳಗೆ ಹೇಳ್ತೀನಿ) ಆದ್ಮೇಲೆ, ಬಲ್ಬಿನ ಕಡೆ ಬರ್ಬೇಕಾಗುತ್ತೆ, ಅವಕ್ಕೆ ಒಳಗೆ ಹೊರಗೆ ಬೇರೆ ಇರೋ ಟರ್ಮಿನಲ್ ಬೇಕು, ಇಲ್ಲಾಂದ್ರೆ ಅವಕ್ಕೆ ಅಂತಲೇ ಪಕ್ಕದಲ್ಲಿ ಇನ್ನೊಂದು ಚಿಕ್ಕ ನಾಲ್ಕರ ಬಾಕ್ಸ್ ಇಟ್ಬಿಡಿ, ಅದೇ ಅಚ್ಚುಕಟ್ಟು. ಫ್ಯೂಸ್ ಸೈಜ್ ಮಿನಿ ಬೇಡ, ಮಾಮೂಲಿ ದೊಡ್ಡ ಬ್ಲೇಡೇ ಇರ್ಲಿ, ಕಾಂಟ್ಯಾಕ್ಟ್ ಜಾಗ ಜಾಸ್ತಿ, ಕತ್ತಲಲ್ಲಿ ಬೆರಳಿಗೂ ಸಿಗುತ್ತೆ.

ಅಗ್ಗದ ಬಾಕ್ಸ್ ಬಗ್ಗೆ ಒಂದು ಮಾತು. ಜೇಬಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಕೊಂಡು ಹೋಗಿ ಬಾಕ್ಸಿನ ಟರ್ಮಿನಲ್ಲಿಗೆ, ಬಸ್‌ಬಾರಿಗೆ ಹಿಡಿದು ನೋಡಿ. ಹಿತ್ತಾಳೆ, ತಾಮ್ರ ಅಂಟಲ್ಲ. ಅಂಟಿದ್ರೆ ಅದು ಕಬ್ಬಿಣದ ತಗಡಿಗೆ ಮೇಲೆ ಲೇಪ ಕೊಟ್ಟಿದ್ದು, ಕರೆಂಟ್ ಸರಿಯಾಗಿ ಹರಿಯಲ್ಲ, ಬೇಗ ತುಕ್ಕು ಹಿಡಿಯುತ್ತೆ, ಎರಡು ಮಳೆಗಾಲಕ್ಕೆ ನೀವು ಮತ್ತೆ ಇದೇ ಪ್ರಶ್ನೆ ಕೇಳ್ತೀರಾ. ಹಾಗೇ ಬಾಕ್ಸ್ ಜೊತೆ ಪುಕ್ಕಟೆ ಬರೋ ಹೆಸರಿಲ್ಲದ ಫ್ಯೂಸ್‌ಗಳನ್ನ ಉಪಯೋಗಿಸ್ಬೇಡಿ. ಬರೆದಿರೋ ಅಂಕಿಗೆ ಎರಡರಷ್ಟು ಕರೆಂಟಲ್ಲೂ ಹೋಗದೇ ಕವಚ ಕರಗಿಸ್ಕೊಂಡು ಕೂರೋ ಫ್ಯೂಸ್ ಮಾರ್ಕೆಟ್ಟಲ್ಲಿ ಇದಾವೆ. ಗಾಡಿ ಕಾಪಾಡೋ ವಸ್ತುವಿಗೆ ಉಳಿತಾಯ ಲೆಕ್ಕ ಹಾಕೋದು ಬೇಡ.

ಈಗ ಬಾಕ್ಸಿಗೆ ಕರೆಂಟು ಎಲ್ಲಿಂದ ಅನ್ನೋದು. ಹೆಚ್ಚಿನವರು ಎಡವೋದು ಇಲ್ಲೇ. ಹಳೇ ಬಾಕ್ಸಿಗೆ ಬರ್ತಿದ್ದ ಅದೇ ಬಡಕಲು ವೈರನ್ನ ಹೊಸ ಬಾಕ್ಸಿನ ಸ್ಟಡ್ಡಿಗೆ ಬಿಗಿದು 12 ಫ್ಯೂಸ್ ಹಾಕಿದ್ರೆ ನೀರಿನ ಪೈಪ್ ಹಾಗೇ ಇಟ್ಟು ನಲ್ಲಿ ಮಾತ್ರ ಜಾಸ್ತಿ ಮಾಡಿದ ಹಾಗೆ. ಬ್ಯಾಟರಿ ಪಾಸಿಟಿವ್‌ನಿಂದ 10 ಚದರ ಎಂಎಂನ ಹೊಸ ಕೇಬಲ್ ಎಳೀರಿ, ಬ್ಯಾಟರಿಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರದಲ್ಲಿ, ಗೇಣುದ್ದದ ಒಳಗೆ, ಒಂದು 60 ಆಂಪಿನ ಬೋಲ್ಟ್ ಹಾಕೋ ಮೇನ್ ಫ್ಯೂಸ್, ಮಿಡಿ ಟೈಪ್‌ದು ಹಾಕಿ. ಈ ಮೇನ್ ಫ್ಯೂಸ್ ಬೇಡ, ಒಳಗೆ 12 ಫ್ಯೂಸ್ ಇದಾವಲ್ಲ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ಬ್ಯಾಟರಿಯಿಂದ ಬಾಕ್ಸ್‌ವರೆಗಿನ ಆ ಕೇಬಲ್ ಇಂಜಿನ್ ಪಕ್ಕ, ತಗಡಿನ ತೂತು ದಾಟಿ ಬರುತ್ತೆ, ಅದು ಎಲ್ಲಾದ್ರೂ ಬಾಡಿಗೆ ಉಜ್ಜಿ ಶಾರ್ಟ್ ಆದ್ರೆ ಒಳಗಿನ 12 ಫ್ಯೂಸಿಗೂ ಅದು ಗೊತ್ತೇ ಆಗಲ್ಲ, ಬ್ಯಾಟರಿ ನೂರಾರು ಆಂಪ್ ಸುರಿಯುತ್ತೆ. ತಗಡು ದಾಟೋ ಕಡೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರೋ ಬಳೆ) ಕಡ್ಡಾಯ, ಬರೀ ಟೇಪ್ ಸುತ್ತಿದ್ರೆ ಸಾಲ್ದು. ಗಾಡೀಲಿ ಮೊದ್ಲೇ ಫ್ಯೂಸಿಬಲ್ ಲಿಂಕ್ (ಫ್ಯೂಸ್ ಥರ ಕರಗೋ ವೈರ್ ತುಂಡು) ಇದ್ರೆ ಅದನ್ನ ಕಿತ್ತು ಹಾಕ್ಬೇಡಿ, ಅದು ಕಾಯ್ತಿರೋ ವೈರ್ ಬೇರೆ.

ಕೀ ಮೇಲೆ ನಡೆಯೋ ಗುಂಪಿಗೆ ಇಗ್ನಿಷನ್ ಸ್ವಿಚ್ಚಿಂದ ನೇರ ಕರೆಂಟ್ ತಗೋಬೇಡಿ. 40 ವರ್ಷ ಹಳೇ ಸ್ವಿಚ್ಚಿನ ಕಾಂಟ್ಯಾಕ್ಟ್ ಮೇಲೆ ವೈಪರ್, ಬ್ಲೋವರ್ ಎಲ್ಲ ಲೋಡೂ ಹೊರಿಸೋದು ಬೇಡ, ಒಂದು 40 ಆಂಪ್ ರಿಲೇ ಹಾಕಿ. ರಿಲೇ ತಳದಲ್ಲಿ ಅಂಕಿ ಇರುತ್ತೆ, 30ಕ್ಕೆ ಮೇನ್ ಫ್ಯೂಸ್ ದಾಟಿ ಬಂದ ಕರೆಂಟು, 87ರಿಂದ ಬಾಕ್ಸಿನ ಕೀ ಗುಂಪಿಗೆ, 86ಕ್ಕೆ ಇಗ್ನಿಷನ್ ಸ್ವಿಚ್ಚಿನ ವೈರ್, 85 ಬಾಡಿಗೆ ಅರ್ಥ್. ಸ್ವಿಚ್ ಮೇಲೆ ಈಗ ರಿಲೇ ಕಾಯಿಲಿನ ಕಾಲು ಆಂಪ್ ಒಳಗಿನ ಹೊರೆ ಮಾತ್ರ. ಹೆಡ್‌ಲೈಟಿಗೂ ಇದೇ ಥರ ಹೈಗೆ ಒಂದು, ಲೋಗೆ ಒಂದು ರಿಲೇ ಹಾಕಿದ್ರೆ ಲೈಟ್ ಸ್ವಿಚ್ ಉಳಿಯುತ್ತೆ, ಬೆಳಕೂ ಬರುತ್ತೆ. ನೀವು ಮಂಕು ಅಂತ ಬರ್ದಿದ್ದಕ್ಕೆ ನಿಜವಾದ ಔಷಧಿ ಬಹುಶಃ ಇದೇ.

ಇದರಲ್ಲಿ ಎರಡು ಎಚ್ಚರಿಕೆ. ಪಾಯಿಂಟ್ಸ್ ಇಗ್ನಿಷನ್ (ಎಲೆಕ್ಟ್ರಾನಿಕ್ ಅಲ್ಲದ ಹಳೇ ಥರದ್ದು) ಇರೋ ಗಾಡೀಲಿ ಇಗ್ನಿಷನ್ ಕಾಯಿಲಿಗೆ ಹೋಗೋ ವೈರ್ ಕೆಲವು ಕಡೆ ವೋಲ್ಟೇಜ್ ಇಳಿಸೋ ಬ್ಯಾಲಸ್ಟ್ ರೆಸಿಸ್ಟರ್ ದಾಟಿ ಹೋಗುತ್ತೆ, ಇಂಜಿನ್ ಓಡೋವಾಗ ಅಲ್ಲಿ 12 ವೋಲ್ಟ್ ಇರಲ್ಲ, ಅದಕ್ಕಿಂತ ಸಾಕಷ್ಟು ಕಮ್ಮಿ ಇರುತ್ತೆ. ಅಲ್ಲಿಂದ ರಿಲೇಗೆ ಕರೆಂಟ್ ಕದ್ರೆ ರಿಲೇನೂ ಸರಿಯಾಗಿ ಎಳೆಯಲ್ಲ, ಇಂಜಿನ್ನೂ ಮಿಸ್ ಹೊಡೆಯುತ್ತೆ, ರೆಸಿಸ್ಟರಿಗಿಂತ ಮುಂಚೆ ಸ್ವಿಚ್ ಕಡೆಯಿಂದ ತಗೊಳ್ಳಿ. ಇನ್ನೊಂದು, ಕಾಯಿಲಿನ ಆ ಲೈನನ್ನ ಹೊಸ ಬಾಕ್ಸಿಗೆ ಎಳ್ಕೊಂಡು ಬರ್ಬೇಡಿ. ಎಷ್ಟೋ ಕಂಪನಿಗಳು ಅದಕ್ಕೆ ಫ್ಯೂಸ್ ಹಾಕದೇ ಬಿಟ್ಟಿದ್ದವು, ರಸ್ತೆ ಮಧ್ಯೆ ಇಂಜಿನ್ ದಿಢೀರ್ ನಿಲ್ಬಾರ್ದು ಅಂತ. ನಿಮಗೆ ಹಾಕ್ಲೇಬೇಕು ಅನ್ಸಿದ್ರೆ ಅದಕ್ಕೇ ಪ್ರತ್ಯೇಕ ಫ್ಯೂಸ್, ಅದರ ಜೊತೆ ರೇಡಿಯೋನೋ ಚಾರ್ಜರ್ರೋ ಸೇರಿಸೋದು ಮಾತ್ರ ಖಂಡಿತ ಬೇಡ. ಇಗ್ನಿಷನ್ ಕಾಯಿಲಿಗೂ ರಿಲೇ ದಾಟಿಯೇ ಕರೆಂಟ್ ಕೊಟ್ಟಿದ್ದು, ಕೆಲ್ಸ ಮುಗಿದ್ಮೇಲೆ ಕೀ ಆಫ್ ಮಾಡಿದ್ರೂ ಇಂಜಿನ್ ನಿಲ್ಲದೇ ಓಡ್ತಿದ್ರೆ ಗಾಬರಿ ಆಗ್ಬೇಡಿ, ಆಲ್ಟರ್ನೇಟರಿನ ಚಾರ್ಜಿಂಗ್ ಲೈಟ್ ಲೈನಿಂದ ಕರೆಂಟು ಹಿಂದಕ್ಕೆ ಹರಿದು ರಿಲೇನ ಹಿಡ್ಕೊಂಡಿರುತ್ತೆ, ಆ ಲೈನನ್ನ ರಿಲೇಯ ಕರೆಂಟಿಂದ ಬೇರ್ಪಡಿಸಿದ್ರೆ ಸರಿ ಹೋಗುತ್ತೆ.

ಕ್ರಿಂಪಿಂಗ್ ವಿಷಯಕ್ಕೆ ಬಂದ್ರೆ ನಾನು ಸ್ವಲ್ಪ ಹಠಮಾರಿ. ವೈರ್ ಸುಲಿದು ಕೈಯಲ್ಲಿ ತಿರುಚಿ ಟೇಪ್ ಸುತ್ತೋದು ಬೇಡ್ವೇ ಬೇಡ. ಕಟಿಂಗ್ ಪ್ಲೈಯರಲ್ಲಿ ಥಿಂಬಲ್ ಚಪ್ಪಟೆ ಮಾಡೋದೂ ಬೇಡ. ರ‍್ಯಾಚೆಟ್ ಕ್ರಿಂಪಿಂಗ್ ಟೂಲ್ ತಗೊಳ್ಳಿ, ವೈರಿನ ಗಾತ್ರಕ್ಕೆ ಸರಿಯಾದ ಹಿತ್ತಾಳೆ ಥಿಂಬಲ್ ತಗೊಳ್ಳಿ. ಒಳ್ಳೇ ಕ್ರಿಂಪಲ್ಲಿ ಥಿಂಬಲಿನ ಮುಂದಿನ ಎರಡು ರೆಕ್ಕೆ ತಾಮ್ರದ ಎಳೆಗಳ ಒಳಕ್ಕೆ ಸುರುಳಿ ಸುತ್ತಿ ಕಚ್ಚಿರುತ್ತೆ, ಹಿಂದಿನ ಎರಡು ರೆಕ್ಕೆ ಇನ್ಸುಲೇಶನ್ನನ್ನ ಹಿಡಿದಿರುತ್ತೆ, ಮಧ್ಯದಲ್ಲಿ ಒಂದು ಚೂರು ಬರಿ ತಾಮ್ರ ಕಾಣುತ್ತೆ. ಆಮೇಲೆ ಜೋರಾಗಿ ಎಳೆದು ನೋಡಿ, ಕಿತ್ಕೊಂಡು ಬಂದ್ರೆ ಈಗ್ಲೇ ಬರ್ಲಿ. ಕ್ರಿಂಪ್ ಸಾಲದೆ ಸೋಲ್ಡರ್ ತುಂಬಿದ್ರೆ ಗಟ್ಟಿ ಅನ್ನೋರಿದಾರೆ, ಸೋಲ್ಡರ್ ವೈರಿನೊಳಗೆ ಹೀರ್ಕೊಂಡು ನಿಲ್ಲೋ ಜಾಗದಲ್ಲಿ ಎಳೆಗಳು ಕಡ್ಡಿ ಥರ ಬಿರುಸಾಗಿ ಗಾಡಿ ಅದುರಾಟಕ್ಕೆ ಅಲ್ಲೇ ಮುರಿಯುತ್ತೆ, ಹಂಗಾಗಿ ಒಳ್ಳೇ ಕ್ರಿಂಪಿಗೆ ಅದರ ಅಗತ್ಯ ಇಲ್ಲ. ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ.

ಬಾಕ್ಸ್ ಕೂರಿಸೋ ಜಾಗ ಒಣಗಿರ್ಬೇಕು, ಬಗ್ಗದೇ ಕೈಗೆ ಸಿಗ್ಬೇಕು, ವೈರ್ ಕೆಳಗಡೆಯಿಂದ ಬರ್ಬೇಕು, ಯಾಕಂದ್ರೆ ಮೇಲಿಂದ ಬಂದ್ರೆ ಮಳೆ ನೀರು ಅದೇ ವೈರ್ ಹಿಡ್ಕೊಂಡು ಬಾಕ್ಸೊಳಗೆ ಇಳಿಯುತ್ತೆ. ಪೆಡಲ್, ಸ್ಟೀರಿಂಗ್ ರಾಡ್ ಹತ್ರ ಯಾವ ವೈರೂ ಜೋತಾಡ್ಬಾರ್ದು.

ನಿಮ್ಮ ಗಾಡಿ ಒರಿಜಿನಲ್ ಆಗೇ ಉಳೀಬೇಕು ಅನ್ನೋ ಆಸೆ ಇದ್ರೆ ಹಳೇ ಬಾಕ್ಸ್ ಕಿತ್ತು ಬಿಸಾಕ್ಬೇಡಿ, ಅದನ್ನ ಅಲ್ಲೇ ಬಿಟ್ಟು ಹೊಸದನ್ನ ಕಣ್ಣಿಗೆ ಬೀಳದ ಕಡೆ ಹಾಕಿ, ಹಳೇ ವೈರ್‌ಗಳನ್ನ ಕತ್ತರಿಸದೇ ಥಿಂಬಲ್ ಸಮೇತ ಹಳೇ ಬಾಕ್ಸಿಂದ ಬಿಚ್ಚಿ, ಅಲ್ಲಿಂದ ಹೊಸ ಬಾಕ್ಸಿಗೆ ಜಂಪರ್ (ಜೋಡಿಸೋ ತುಂಡು) ವೈರ್ ಕೊಡಿ. ನಾಳೆ ನೀವೋ ಇನ್ನೊಬ್ರೋ ವಾಪಸ್ ಹಳೇ ಥರ ಮಾಡ್ಬೇಕು ಅಂದ್ರೆ ಆಗ್ಬೇಕು. ಹಳೇ ಗಾಡಿಗೆ ಆ ಮರ್ಯಾದೆ ಕೊಡೋದು ನನಗೆ ಇಷ್ಟ.

ಕೆಲ್ಸ ಶುರು ಮಾಡೋವಾಗ ಬ್ಯಾಟರಿಯ ಅರ್ಥ್ ಕೇಬಲ್ ಮೊದ್ಲು ಬಿಚ್ಚಿ, ನಿಮ್ಮದರಲ್ಲಿ ನೆಗೆಟಿವ್. ಪಾಸಿಟಿವ್ ಮೊದ್ಲು ಬಿಚ್ಚೋಕೆ ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದ್ರೆ ಸ್ಪ್ಯಾನರೇ ಕೆಂಪಗೆ ಕಾಯುತ್ತೆ. ಬಿಚ್ಚೋ ಮುಂಚೆ ಹಳೇ ಬಾಕ್ಸಿನ ಫೋಟೋ ಮುಂದಿಂದ ಹಿಂದಿಂದ ತೆಗೀರಿ, ಪ್ರತಿ ವೈರಿಗೂ ಚೀಟಿ ಅಂಟಿಸಿ. ಬಣ್ಣ ನಂಬ್ಕೋಬೇಡಿ, 40 ವರ್ಷದಲ್ಲಿ ಹಸಿರು ನೀಲಿ ಕಂದು ಎಲ್ಲ ಒಂದೇ ಥರ ಮಣ್ಣು ಬಣ್ಣ ಆಗಿರುತ್ತೆ, ಮಧ್ಯೆ ಯಾರೋ ಕೈಗೆ ಸಿಕ್ಕ ವೈರ್ ಸೇರಿಸಿರ್ತಾರೆ. ಎಲ್ಲ ಒಟ್ಟಿಗೆ ಕಿತ್ತು ಹರಡ್ಕೊಂಡು ಕೂರ್ಬೇಡಿ, ಒಂದು ಸರ್ಕ್ಯೂಟ್ ಬಿಚ್ಚಿ, ಹೊಸ ಕಡೆ ಹಾಕಿ, ಟೆಸ್ಟ್ ಮಾಡಿ, ಆಮೇಲೆ ಮುಂದಿನದ್ದು.

ಟೆಸ್ಟಿಗೆ ಒಂದು ಒಳ್ಳೇ ಉಪಾಯ ಇದೆ. ಮೊದಲ ಸಲ ಕರೆಂಟ್ ಕೊಡೋವಾಗ 60 ಆಂಪಿನ ಮೇನ್ ಫ್ಯೂಸ್ ಹಾಕ್ಬೇಡಿ, ಆ ಜಾಗದಲ್ಲಿ ಹೋಲ್ಡರ್ ಸಮೇತ ಒಂದು 21 ವಾಟ್ ಇಂಡಿಕೇಟರ್ ಬಲ್ಬ್ ಸೇರಿಸಿ. ಎಲ್ಲ ಸ್ವಿಚ್ ಆಫ್ ಇದ್ದು ಕೀ ತೆಗೆದಿದ್ದಾಗ ಬಲ್ಬ್ ಆರಿರ್ಬೇಕು. ಪೂರ್ತಿ ಬೆಳಗ್ತಿದ್ರೆ ಎಲ್ಲೋ ಶಾರ್ಟ್ ಇದೆ ಅಂತ ಅರ್ಥ, ಆದ್ರೆ ಬಲ್ಬ್ ಅಡ್ಡ ಇರೋದರಿಂದ ಎರಡು ಆಂಪ್ ಕೂಡ ಹರಿಯಲ್ಲ, ಏನೂ ಸುಡಲ್ಲ, ನಿಧಾನವಾಗಿ ಒಂದೊಂದೇ ಫ್ಯೂಸ್ ಎಳೆದು ಬಲ್ಬ್ ಯಾವಾಗ ಆರುತ್ತೆ ಅಂತ ನೋಡಿದ್ರೆ ತಪ್ಪಿರೋ ಲೈನ್ ಸಿಕ್ಬಿಡುತ್ತೆ. ಆಮೇಲೆ ಒಂದೊಂದೇ ಸ್ವಿಚ್ ಹಾಕಿ, ಪಾರ್ಕಿಂಗ್ ಲೈಟಿಗೆ ಬಲ್ಬ್ ಸ್ವಲ್ಪ ಬೆಳಗುತ್ತೆ, ಅದು ಸಹಜ. ಎಲ್ಲ ಸರಿ ಅಂತಾದ್ಮೇಲೆ ಮೇನ್ ಫ್ಯೂಸ್ ಬಿಗೀರಿ.

ನೀವೇ ಮಾಡ್ಕೊಬಹುದಾ ಅಂತ ಕೇಳಿದ್ರಿ. ಮೇಲೆ ಹೇಳಿದ ವೋಲ್ಟೇಜ್ ಡ್ರಾಪ್ ಟೆಸ್ಟನ್ನ ನೀವೇ ಮಾಡಿ, ಬಂದ ಅಂಕಿ ಯಾಕೆ ಬಂತು ಅಂತ ನಿಮಗೆ ಅರ್ಥ ಆದ್ರೆ ಧೈರ್ಯವಾಗಿ ಮಾಡಿ. ವೈರಿಂಗ್ ಡಯಾಗ್ರಾಮ್ ನೋಡಿದ್ರೆ ತಲೆ ಸುತ್ತುತ್ತೆ ಅನ್ಸಿದ್ರೆ ಆಟೋ ಎಲೆಕ್ಟ್ರಿಷಿಯನ್‌ನ ಕರೀರಿ, ಪಕ್ಕದಲ್ಲಿ ನಿಂತು ಯಾವ ಸರ್ಕ್ಯೂಟಿಗೆ ಎಷ್ಟು ಆಂಪ್ ಹಾಕಿದ್ರು ಅಂತ ಬರ್ಕೊಂಡು ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿ.

ಮುಗಿದ್ಮೇಲೆ ಹೈ ಬೀಮ್, ಬ್ಲೋವರ್, ವೈಪರ್ ಎಲ್ಲ ಹಾಕಿ ಇಂಜಿನ್ ಓಡ್ತಿರೋ ಹಾಗೇ 20 ನಿಮಿಷ ಬಿಡಿ, ವೈಪರ್ ಹಾಕೋ ಮುಂಚೆ ಗಾಜು ಒದ್ದೆ ಮಾಡಿ. ಆಮೇಲೆ ಪ್ರತಿ ಫ್ಯೂಸಿನ ತಲೆ ಬೆರಳಲ್ಲಿ ಮುಟ್ಟಿ. ಬೆಚ್ಚಗಿದ್ರೆ ಸರಿ, ಬೆರಳು ಇಡೋಕಾಗದಷ್ಟು ಬಿಸಿ ಇದ್ರೆ ಆ ಕ್ರಿಂಪ್ ಮತ್ತೆ ಮಾಡಿ. ಒಂದು ತಿಂಗಳು ಓಡಿಸಿದ್ಮೇಲೆ ಸ್ಟಡ್ಡಿನ ನಟ್, ಮೇನ್ ಫ್ಯೂಸ್ ಬೋಲ್ಟ್ ಮತ್ತೊಮ್ಮೆ ಬಿಗೀರಿ, ಹೊಸ ಕೇಬಲ್ಲಿನ ಎಳೆಗಳು ಒತ್ತಡಕ್ಕೆ ಕೂತ್ಕೊಂಡು ಸ್ವಲ್ಪ ಸಡಿಲ ಆಗಿರುತ್ತೆ. ಹೊಸ ಬಾಕ್ಸ್ ಹಾಕೋವರೆಗೂ ಆ ಕರಗಿದ ಕ್ಲಿಪ್ ಇಟ್ಕೊಂಡು ರಾತ್ರಿ ಹೊತ್ತು ದೂರ ಹೋಗ್ಬೇಡಿ, ಮತ್ತೆ ಟೆಸ್ಟಲ್ಲಿ ಕ್ಲಿಪ್ ಹತ್ರ ಎಷ್ಟು ಬಂತು, ರಿವೆಟ್ ಹತ್ರ ಎಷ್ಟು, ಅರ್ಥ್ ಕಡೆ ಎಷ್ಟು, ಹೆಡ್‌ಲೈಟ್ ವೈರಲ್ಲಿ ಎಷ್ಟು ಎಳೆ ಇದೆ ಅಂತ ಬರೆದು ಕಳಿಸಿ, ಯಾವ ವೈರ್ ಉಳಿಸ್ಕೊಬಹುದು ಯಾವುದು ಬದಲಾಯಿಸ್ಬೇಕು ಅಂತ ಹೇಳ್ತೀನಿ.